ಹಳೆಯ ಜಗಳ, ಹೊಸ ಮುಖಂಡರು

ತೋವಿನಕೆರೆಯ ಕಡೆಯಿಂದ ಹೊರಟು ಪಾವಗಡದವರೆಗೆ ಹೋದವನಿಗೆ ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ, ಪಾವಗಡ ಎಂದು ಒಂದಾದ ಮೇಲೊಂದು ಗಿರಿದುರ್ಗಗಳೇ ಎದುರಾಗುತ್ತವೆ. ಜಗಳವೆಂಬುದು ಈ ನೆಲಕ್ಕೆ ಹೊಸದಲ್ಲ. 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೈನ್ಯ ಮಧುಗಿರಿಯನ್ನು ಗೆದ್ದಿತು. ಸಿರಾ ಪಟ್ಟಣವು ಬಿಜಾಪುರದವರ ಕೈಯಿಂದ 1687ರಲ್ಲಿ ಮೊಗಲರಿಗೆ, 1757ರಲ್ಲಿ ಮರಾಠರಿಗೆ, 1761ರಲ್ಲಿ ಹೈದರನಿಗೆ ದಾಟಿತು. ಈ ಯುದ್ಧಗಳೆಲ್ಲ ಮುಗಿದುಹೋದ ಮಾತು. ಪಾಳೆಯಗಾರರ ವೈರಕ್ಕಾಗಿ ಇಂದು ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಬಿಡುವುದಿಲ್ಲ. ಆದರೆ ಇಪ್ಪತ್ತು ನಲವತ್ತು ವರ್ಷಗಳ ಹಿಂದೆ ಬಾವಿಯ ಕಟ್ಟೆಯ ಮೇಲೋ ಜಾತ್ರೆಯ ಬೀದಿಯಲ್ಲೋ ಆದ ಜಗಳ ಹಾಗಲ್ಲ. ಕೋಟೆಯ ಕಲ್ಲಿಗಿಂತ ಅದರ ಆಯುಸ್ಸು ಹೆಚ್ಚೆಂದು ತೋರುತ್ತದೆ. ಇಂತಹ ಊರುಗಳಿಗೆ ಹೊಸದಾಗಿ ಮುಖಂಡರಾಗಿ ಬರುವವರಿಗೆ ಏನನ್ನು ಕಲಿಸಬೇಕು ಎಂಬುದೇ ಈ ಲೇಖನದ ವಿಚಾರ.

ಹೊಸ ಮುಖಂಡರೆಂದರೆ ಯಾರು? ಹಿಂದೆ ಊರಿನ ಮುಖಂಡತನ ಮನೆತನದಿಂದ ಬರುತ್ತಿತ್ತು. ಶಾನುಭೋಗ, ಪಟೇಲ, ಕಟ್ಟೆಮನೆಯ ಯಜಮಾನ ಇವರಿಗೆ ಊರಿನ ಜಗಳಗಳ ಚರಿತ್ರೆ ತಾಯಿಯ ಹಾಲಿನೊಡನೆ ಬಂದ ವಿದ್ಯೆ. ಆ ವಿದ್ಯೆಯನ್ನು ಅವರು ಯಾರ ಪರವಾಗಿ ಬಳಸಿದರು ಎಂಬುದು ಬೇರೆ ಪ್ರಶ್ನೆ. ಅಬ್ದುಲ್ ನಜೀರ್ ಸಾಬರ ಶ್ರಮದಿಂದ ರೂಪುಗೊಂಡ 1983ರ ಕಾಯಿದೆಯಂತೆ 1987ರಲ್ಲಿ ನಡೆದ ಚುನಾವಣೆಯಲ್ಲಿ ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳು ಮೀಸಲಾದವು. 1993ರ ಪಂಚಾಯತ್ ರಾಜ್ ಕಾಯಿದೆ ಪರಿಶಿಷ್ಟರಿಗೂ ಹಿಂದುಳಿದವರಿಗೂ ಸ್ತ್ರೀಯರಿಗೂ ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆಯಿತು. 2010ರ ತಿದ್ದುಪಡಿಯಿಂದ ಸ್ತ್ರೀಯರ ಪಾಲು ಅರ್ಧಕ್ಕೇರಿತು. ಹೀಗೆ ಬಂದವರಲ್ಲಿ ಅನೇಕರು, ಹಳೆಯ ಜಗಳಗಳಲ್ಲಿ ಪೆಟ್ಟು ತಿಂದ ಮನೆಗಳವರು. ಅಂದು ಕಟ್ಟೆಯ ಕೆಳಗೆ ಕೈಕಟ್ಟಿ ನಿಂತವರ ಮಗಳೋ ಸೊಸೆಯೋ ಇಂದು ಕುರ್ಚಿಯಲ್ಲಿ ಕುಳಿತು ಎದುರಿನವರ ಅರ್ಜಿಯನ್ನು ಓದಬೇಕು. ಕುರ್ಚಿ ಸಿಕ್ಕಿತು, ಆದರೆ ಎರಡೂ ಕಡೆಯವರು ಆಕೆಯನ್ನು ನೋಡುವ ಕಣ್ಣು ಹಳೆಯದೇ.

ಇಂತಹವರಿಗೆ ತರಬೇತಿ ಕೊಡಲು ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ. ಸಭೆ ಕರೆಯುವ ಕ್ರಮ, ಕಂದಾಯ, ಆಯವ್ಯಯ, ಯೋಜನೆಗಳ ಲೆಕ್ಕ ಇವೆಲ್ಲ ಸದಸ್ಯರಿಗೆ ತಿಳಿದಿರಬೇಕಾದವೇ. ಆದರೆ ಲೆಕ್ಕ ತಿಳಿದ ಮಾತ್ರಕ್ಕೆ ಊರು ತಿಳಿಯಿತೆಂದಾಗುವುದಿಲ್ಲ. ಕೊಳಾಯಿ ಹಾಕಿಸಲು ಹಣ ಮಂಜೂರಾಗಿದ್ದರೂ ಅದನ್ನು ಯಾವ ಬೀದಿಯ ತಿರುವಿನಲ್ಲಿ ಹಾಕಿದರೆ ಯಾರು ಬಿಂದಿಗೆ ತರುವುದಿಲ್ಲ ಎಂಬುದನ್ನು ಯಾವ ನಿಯಮಾವಳಿಯೂ ಹೇಳಲಾರದು.

ಊರಿನ ವೈರವನ್ನು ಹೊತ್ತಿನಲ್ಲಿ ಯಾರೂ ಕೈಗೆತ್ತಿಕೊಳ್ಳದಿದ್ದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಕಳವಿನ ಆಪಾದನೆಯ ಸುತ್ತ ಒಂದೆರಡು ವರ್ಷ ಹೊಗೆಯಾಡುತ್ತಿದ್ದ ದ್ವೇಷ 2000ನೆಯ ಇಸವಿ ಮಾರ್ಚ್ 11ರಂದು ಉರಿಯಾಗಿ ಎದ್ದಿತು. ಆ ದಿನ ಏಳು ಮಂದಿ ದಲಿತರು ಮನೆಯೊಳಗೇ ಬೆಂದು ಸತ್ತರು. ಮೊಕದ್ದಮೆ ನಡೆಯಿತು, ಸಾಕ್ಷಿಗಳು ಪ್ರತಿಕೂಲರಾದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಉಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಹೇಳಬೇಕಾದವನು ಸಾಕ್ಷಿ ಹೇಳಿದ ಮೇಲೂ ಅದೇ ಊರಿನಲ್ಲಿ ಬಾಳಬೇಕಲ್ಲವೆ? ಈ ಒಂದು ಪ್ರಶ್ನೆಯನ್ನು ನಮ್ಮ ತರಬೇತಿಯ ಪಾಠಗಳಲ್ಲಿ ಮೊದಲನೆಯದಾಗಿ ಇಡಬೇಕೆಂದು ನನ್ನ ಅಭಿಪ್ರಾಯ.

ಪಾವಗಡದ್ದು ಇನ್ನೊಂದು ಬಗೆ. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಬರಗಾಲದ ಸೀಮೆ ಅದು. 2005ರ ಫೆಬ್ರವರಿ 10ರ ರಾತ್ರಿ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ಬೀಡುಬಿಟ್ಟಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ದಾಳಿ ಮಾಡಿದರು. ಪೊಲೀಸರೊಡನೆ ಒಬ್ಬ ನಾಗರಿಕನೂ ಪ್ರಾಣ ಬಿಟ್ಟನು. ಆ ಪ್ರಕರಣದ ವಾರಂಟುಗಳು 2019ರಲ್ಲಿಯೂ ಹೊರಡುತ್ತಿದ್ದವು. ಆ ರಾತ್ರಿ ಹುಟ್ಟಿರದ ಹುಡುಗರು ಈಗ ಕಾಲೇಜಿಗೆ ಬಂದಿದ್ದಾರೆ. ಅದೇ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು ಸೂರ್ಯಶಕ್ತಿಯ ಸ್ಥಾವರ ಎದ್ದಿದೆ. ನೆಲದ ಬಾಡಿಗೆ ಭೂಮಿಯಿದ್ದವನಿಗೆ ಬರುತ್ತದೆ. ಆ ನೆಲದಲ್ಲಿ ಕೂಲಿ ಮಾಡಿ ಬದುಕುತ್ತಿದ್ದವನಿಗೆ ಹಾಗೆ ಬರುವುದಿಲ್ಲ. ಹೊಸ ಮುಖಂಡನು ಹಳೆಯ ಗಾಯವನ್ನು ನೋಡುವಾಗ ಮುಂದೆ ಗಾಯವಾಗಬಹುದಾದ ಇಂತಹ ಜಾಗವನ್ನೂ ನೋಡಿಕೊಂಡಿರಬೇಕು.

ಈಗ ಪಾಠಕ್ಕೆ ಬರೋಣ. ತೋವಿನಕೆರೆಯ ಸುತ್ತಿನ ಹಳ್ಳಿಗಳಂತೆ ಕೆರೆಯೊಂದು, ಅಡಿಕೆ ತೋಟ ಕೆಲವು, ಊರಾಚೆಗೆ ಒಂದು ಕಾಲೋನಿ ಇರುವ ಊರನ್ನು ಕಲ್ಪಿಸಿಕೊಳ್ಳಿರಿ. ಕಾಲೋನಿಯವರ ಸ್ಮಶಾನಕ್ಕೆ ಹೋಗುವ ದಾರಿ ಒಬ್ಬರ ಹೊಲದ ಬದುವಿನ ಮೇಲಿದೆ. ಇಪ್ಪತ್ತು ವರ್ಷಗಳ ಹಿಂದೆ ಹೆಣ ಹೊತ್ತು ಹೋಗುವಾಗ ಹೊಲದವರು ಅಡ್ಡ ನಿಂತರು, ಹೊಡೆದಾಟವಾಯಿತು. ಬಳಿಕ ಒಂದು ವರ್ಷ ಕಾಲೋನಿಯವರಿಗೆ ಅಂಗಡಿಯಲ್ಲಿ ಸಾಮಾನಿಲ್ಲ, ಹಿಟ್ಟಿನ ಗಿರಣಿಯಲ್ಲಿ ರಾಗಿ ಬೀಸುವಂತಿಲ್ಲ. ಕೊನೆಗೆ ಹಿರಿಯರು ಕುಳಿತು ರಾಜಿ ಮಾಡಿಸಿದರು. ದೂರು ಹಿಂದಕ್ಕೆ ಬಂತು; ದಾರಿ ಮಾತ್ರ ಅಲ್ಲಿಗೇ ನಿಂತಿತು. ಈಗ ಕಾಲೋನಿಯ ಸೊಸೆಯೊಬ್ಬಳು ಪಂಚಾಯಿತಿ ಸದಸ್ಯೆ.

ಆಕೆ ಮಾಡತಕ್ಕ ಮೊದಲ ಕೆಲಸ ಸಭೆ ಕರೆಯುವುದಲ್ಲ. ಸಭೆಯಲ್ಲಿ ಮನುಷ್ಯನು ತನ್ನ ಪಕ್ಷವನ್ನು ಹೇಳುತ್ತಾನೆ, ಮನೆಯ ಜಗಲಿಯ ಮೇಲೆ ತಾನು ಕಂಡದ್ದನ್ನು ಹೇಳುತ್ತಾನೆ. "ತಾತ, ಆವತ್ತು ನೀವು ಕಣ್ಣಾರೆ ಕಂಡಷ್ಟು ಹೇಳಿ" ಎಂದು ತನ್ನ ಕಡೆಯ ಮುದುಕರನ್ನೂ, "ಗೌಡ್ರೆ, ನಿಮ್ಮನೇಲಿ ಆವತ್ತು ಯಾರ್ಯಾರಿಗೆ ಪೆಟ್ಟಾಯ್ತು?" ಎಂದು ಎದುರಿನ ಮನೆಯ ಯಜಮಾನರನ್ನೂ ಕೇಳುವುದನ್ನು ಆಕೆ ಕಲಿಯಬೇಕು. ಎರಡನೆಯ ಪ್ರಶ್ನೆ ಕಷ್ಟದ್ದು. ಆದರೆ ಅದನ್ನು ಕೇಳದೆ ಊರಿಗೆ ಮುಖಂಡಳಾಗಲಾರಳು. ಹೆಂಗಸರನ್ನು ಬೇರೆಯಾಗಿಯೇ ಕೇಳಬೇಕು, ಏಕೆಂದರೆ ಗಿರಣಿ ನಿಂತ ವರ್ಷದ ಕಥೆ ಗಂಡಸರಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ಹುಡುಗರ ಸಂಗತಿಯೇ ವಿಚಿತ್ರ. ಅವರಿಗೆ ವೈರ ಪಿತ್ರಾರ್ಜಿತವಾಗಿ ಬಂದಿರುತ್ತದೆ, ಕಾರಣ ಬಂದಿರುವುದಿಲ್ಲ.

ಮಾತಿನ ಬಳಿಕ ಕಾಗದ. ಪಹಣಿ, ಗ್ರಾಮನಕ್ಷೆ, ಅಂದಿನ ದೂರಿನ ಪ್ರತಿ ಇವನ್ನು ತೆಗೆಸಿ ನೋಡಿದರೆ ಅರ್ಧ ಜಗಳ ಬೇರೆಯಾಗಿಯೇ ಕಾಣಬಹುದು. ನಕ್ಷೆಯಲ್ಲಿ ದಾರಿ ಇದೆಯೋ ಇಲ್ಲವೋ ಎಂಬುದನ್ನು ಇಪ್ಪತ್ತು ವರ್ಷದಲ್ಲಿ ಯಾರೂ ನೋಡಿಯೇ ಇರುವುದಿಲ್ಲ.

ಇಲ್ಲಿ ವಾಚಕರು ಒಂದು ಭೇದವನ್ನು ಗಮನಿಸಬೇಕು. ರಾಜಿ ಬೇರೆ, ನ್ಯಾಯ ಬೇರೆ. ನಮ್ಮ ಹಳ್ಳಿಗಳಲ್ಲಿ ರಾಜಿ ಎಂದರೆ ಬಹುಮಟ್ಟಿಗೆ ದುರ್ಬಲನು ಸುಮ್ಮನಾಗುವುದು. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಾದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂದಿದೆ. ಪರಿಶಿಷ್ಟರಿಗೆ ಸ್ಮಶಾನದ ಬಳಕೆಯನ್ನು ತಡೆಯುವುದೂ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದೂ ಅದರಂತೆ ಸ್ಪಷ್ಟವಾದ ಅಪರಾಧಗಳು. ಇವನ್ನು ಕಟ್ಟೆಯ ಮೇಲೆ ತಪ್ಪುಕಾಣಿಕೆಯಿಂದ ಮುಗಿಸುವ ಅಧಿಕಾರ ಯಾರಿಗೂ ಇಲ್ಲ. ಇಂದು ಅಂತಹದು ನಡೆದರೆ ಸದಸ್ಯೆಯ ದಾರಿ ಠಾಣೆಗೆ, ತಹಸೀಲ್ದಾರರ ಕಚೇರಿಗೆ. ಕಾಯಿದೆಯ ಕೈಗೆ ಬಿಡಬೇಕಾದುದನ್ನು ಬಿಟ್ಟ ಬಳಿಕ ಉಳಿಯುವ ಮುನಿಸು, ನಾಚಿಕೆ, ಭಯ ಇವೇ ಆಕೆಯ ಪಾಲಿನ ಕೆಲಸ. ಪಂಚಾಯಿತಿಯ ಸಾಮಾಜಿಕ ನ್ಯಾಯ ಸಮಿತಿಯನ್ನು ರಚಿಸಿರುವುದು ದುರ್ಬಲರನ್ನು ಅನ್ಯಾಯದಿಂದ ರಕ್ಷಿಸುವುದಕ್ಕಾಗಿಯೇ. ಆ ಸಮಿತಿ ಕಾಗದದ ಮೇಲಷ್ಟೇ ಕೂಡುವ ಊರುಗಳೂ ಉಂಟು.

ಎರಡೂ ಕಡೆಯವರು ಸೇರಿ ಕೆರೆಯ ಹೂಳು ತೆಗೆದರೆ, ಒಟ್ಟಿಗೆ ಊಟ ಮಾಡಿದರೆ ಎಲ್ಲ ಸರಿಹೋಗುವುದೆಂದು ಹೇಳುವ ಸಜ್ಜನರಿದ್ದಾರೆ. ಊಟ ಒಳ್ಳೆಯದೇ, ಆದರೆ ದಾರಿ ಬಿಡದೆ ಹಾಕಿದ ಊಟ ಗಂಟಲಿಗಿಳಿಯುವುದಿಲ್ಲ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ವಿನೋಬಾ ಅವರು, ರಕ್ತಪಾತದಿಂದ ನಡುಗಿದ್ದ ಸೀಮೆಯ ನಡುವೆ, ಹರಿಜನ ಕುಟುಂಬಗಳನ್ನು ಮೊದಲು ಕೇಳಿದ್ದು ನಿಮಗೇನು ಬೇಕೆಂದು. 80 ಎಕರೆ ನೆಲ ಬೇಕೆಂದರು. ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಟ್ಟರು. ಆದರೆ ಮುಂದೆ ಭೂದಾನದಲ್ಲಿ ಬಂದ ನೆಲದಲ್ಲಿ ಬಹಳಷ್ಟು ಹಂಚಿಕೆಯಾಗದೆಯೇ ಉಳಿಯಿತು. ದಕ್ಷಿಣ ಆಫ್ರಿಕದಲ್ಲಿ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಿಂದ ನೊಂದವರ ಮಾತನ್ನು ಬಹಿರಂಗವಾಗಿ ಕೇಳಿತು. ಅದು ದೊಡ್ಡ ಕೆಲಸ. ಪರಿಹಾರವೆಂದು ಒಬ್ಬೊಬ್ಬರಿಗೆ 30,000 ರ್‍ಯಾಂಡ್ ಎಂದು ಗೊತ್ತಾದುದು 2003ರಲ್ಲಿ; ಅನೇಕರು ಅಷ್ಟು ಕಾಲ ಬದುಕಿರಲಿಲ್ಲ. ಮಾತು ಕೇಳಿ ಕೆಲಸವನ್ನು ತಡಮಾಡಿದರೆ, ಹೇಳಿಕೊಂಡವನಿಗೆ ಎರಡನೆಯ ಸಲ ಮೋಸವಾದಂತೆ.

ಆದಕಾರಣ ನಮ್ಮ ಸದಸ್ಯೆ ಮನೆಮನೆಯ ಮಾತು ಕೇಳಿಯಾದ ಮೇಲೆ, ಎರಡೂ ಕಡೆಯಿಂದ ಇಬ್ಬಿಬ್ಬರನ್ನು ಕರೆದುಕೊಂಡು ಭೂಮಾಪಕರೊಡನೆ ಆ ಬದುವಿನ ಮೇಲೆ ನಡೆಯಬೇಕು. ದಾರಿ ನಕ್ಷೆಯಲ್ಲಿದ್ದರೆ ಕಲ್ಲು ನೆಡಿಸಬೇಕು. ಇಲ್ಲದಿದ್ದರೆ ದಾರಿಯನ್ನೋ ಬೇರೆ ಸ್ಮಶಾನವನ್ನೋ ಬೇಡಿ ಕಂದಾಯ ಇಲಾಖೆಗೆ ಅರ್ಜಿ ಹೋಗಬೇಕು. ಆ ಬಳಿಕ ಗ್ರಾಮಸಭೆ. ಅಲ್ಲಿ ಇಪ್ಪತ್ತು ವರ್ಷದ ಸಂಗತಿಯನ್ನು, ಗಿರಣಿ ನಿಂತ ವರ್ಷವನ್ನೂ ಬಿಡದೆ, ಎರಡೂ ಕಡೆಯವರು ಒಪ್ಪುವ ಮಾತುಗಳಲ್ಲಿ ಗಟ್ಟಿಯಾಗಿ ಓದಿ ನಡವಳಿ ಪುಸ್ತಕದಲ್ಲಿ ಬರೆಯಿಸಬೇಕು. ಒಪ್ಪದ ಭಾಗವನ್ನು ಒಪ್ಪಿಲ್ಲವೆಂದೇ ಬರೆಯಲಿ. ಐದು ವರ್ಷಕ್ಕೆ ಮೀಸಲಾತಿ ತಿರುಗುತ್ತದೆ. ಆಕೆಯ ಸ್ಥಾನಕ್ಕೆ ಬಹುಶಃ ಹೊಲದವರ ಮನೆಯ ಹುಡುಗನೇ ಬಂದಾನು. ಅವನು ಮೊದಲ ದಿನ ತೆರೆಯಬೇಕಾದುದು ಆ ಪುಟವನ್ನು.