ನಮ್ಮ ಸಂಗೀತ ಸಂಚಿಕೆ: ಕಟ್ಟಿದ ರೀತಿ ಮತ್ತು ಕಲಿತ ಪಾಠ



ಸಂಗೀತವೆಂದರೆ ಯಾರಿಗೆ ತಾನೇ ಇಷ್ಟವಿಲ್ಲ? ತೊಟ್ಟಿಲ ಮಗು ಕೂಡ ಜೋಗುಳ ಕೇಳಿದರೆ ಅಳು ನಿಲ್ಲಿಸುತ್ತದೆ. ಆದರೆ ಕಿವಿಗೆ ಕೇಳುವುದನ್ನು ಕಣ್ಣಿಗೆ ಕಾಣಿಸುವುದು ಹೇಗೆ? ಈ ಸಲದ ಗೋಡೆ ಪತ್ರಿಕೆಯನ್ನು ಸಂಗೀತ ವಿಶೇಷ ಸಂಚಿಕೆ ಮಾಡಿ ಎಂದು ಕನ್ನಡ ಅಕ್ಕೋರು ನಮ್ಮ ಎಂಟು ಜನರ ಗುಂಪಿಗೆ ಹೇಳಿದಾಗ ನಮ್ಮ ಮುಂದೆ ಬಂದ ಪ್ರಶ್ನೆ ಇದೇ. ಆ ಸಂಚಿಕೆ ಈಗ ನಿಮ್ಮ ಎಡಗಡೆಯ ನಾಲ್ಕು ಹಾಳೆಗಳಲ್ಲಿದೆ. ಅದನ್ನು ಹೇಗೆ ಕಟ್ಟಿದೆವು, ಎಲ್ಲಿ ಎಡವಿದೆವು ಎಂಬುದು ಮುಂದಿನ ಗುಂಪಿನವರಿಗೆ ಉಪಯೋಗವಾಗಲಿ ಎಂದು ಈ ಪಾಠವನ್ನು ಬರೆದಿದ್ದೇನೆ.

1. ಓದುವವರು ಯಾರು?

ಪತ್ರಿಕೆ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಅಂಗಡಿಯಲ್ಲಿ ಮಾರುವ ಪತ್ರಿಕೆಯನ್ನು ಜನ ಕೈಯಲ್ಲಿ ಹಿಡಿದು ಕೂತು ಓದುತ್ತಾರೆ. ನಮ್ಮದು ಇರುವುದು ಒಂದೇ ಪ್ರತಿ. ಓದುಗರು ನಿಂತುಕೊಂಡು, ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿ ಓದಬೇಕು. ಅದೂ ಊಟದ ಬೆಲ್ಲು ಮತ್ತು ತರಗತಿಯ ಬೆಲ್ಲಿನ ನಡುವೆ! ಹಾಗಾಗಿ ಅಕ್ಷರ ದೊಡ್ಡದಿರಬೇಕು, ಬರಹ ಚಿಕ್ಕದಿರಬೇಕು.

ನಾವು ಒಂದು ಪರೀಕ್ಷೆ ಮಾಡಿದೆವು. ಒಂದೇ ವಾಕ್ಯವನ್ನು ಮೂರು ಅಳತೆಯಲ್ಲಿ ಬರೆದು ಗೋಡೆಗೆ ಹಚ್ಚಿ, ಐದನೇ ತರಗತಿಯ ಮಕ್ಕಳನ್ನು ಮೂರು ಹೆಜ್ಜೆ ದೂರ ನಿಲ್ಲಿಸಿ ಓದಿಸಿದೆವು. ಕಾಲು ಇಂಚಿನ ಅಕ್ಷರವನ್ನು ಎಲ್ಲರೂ ಓದಿದರು. ಅದಕ್ಕಿಂತ ಸಣ್ಣದಕ್ಕೆ ಕಣ್ಣು ಕಿರಿದು ಮಾಡಿದರು. ಅಲ್ಲಿಗೆ ಅಳತೆ ತೀರ್ಮಾನವಾಯಿತು. ಹಾಳೆಗಳನ್ನು ನಮ್ಮ ಎತ್ತರಕ್ಕಲ್ಲ, ಅವರ ಕಣ್ಣಿನ ಎತ್ತರಕ್ಕೆ ಹಚ್ಚಬೇಕೆಂದೂ ಆಗಲೇ ತಿಳಿಯಿತು.

2. ಏನು ಹಾಕಬೇಕು?

ನಮ್ಮ ಮೊದಲ ಪಟ್ಟಿ ನೋಡಿದರೆ ಈಗ ನಗು ಬರುತ್ತದೆ. ಎಲ್ಲ ಸಿನಿಮಾ ಗಾಯಕರು, ಟೀವಿ ಸ್ಪರ್ಧೆಯಲ್ಲಿ ಗೆದ್ದವರು! ಎಲ್ಲವೂ ಮೊಬೈಲಿನಲ್ಲಿ ಸಿಕ್ಕ ಸುದ್ದಿ. ಅಕ್ಕೋರು ಪಟ್ಟಿ ಓದಿ, “ಇದನ್ನೆಲ್ಲ ನಾನೂ ಮೊಬೈಲಲ್ಲೇ ಓದ್ತೇನಲ್ಲ. ನಿಮ್ಮ ಮನೇಲಿ, ಕೇರೀಲಿ ಯಾರೂ ಹಾಡೋದೇ ಇಲ್ವೇನ್ರೋ?” ಎಂದು ಕೇಳಿದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮಗೇ ಹೊಂದಿತು.

ಆಮೇಲೆ ಎರಡು ಭಾನುವಾರ ನೋಟುಪುಸ್ತಕ ಹಿಡಿದು ತಿರುಗಿದೆವು. ಸಿಕ್ಕಿದ್ದು ಎಷ್ಟೊಂದು! ಮದುವೆ ಮನೆಯಲ್ಲಿ ಹೆಂಗಸರು ಹೇಳುವ ಹಸೆ ಹಾಡು. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವವರ ಬಿಂಗಿ ಪದ. ಶಿರಸಿಯಲ್ಲಿ ಹೋಳಿಯ ಹೊತ್ತಿಗೆ ಕುಣಿಯುವ ಬೇಡರ ವೇಷದ ತಮಟೆ; ಅದು ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಬರುತ್ತದೆ. ಯಕ್ಷಗಾನದ ಭಾಗವತರು, ಮದ್ದಳೆ, ಚಂಡೆ. ನಮ್ಮ ಯಲ್ಲಾಪುರ ಕಡೆಯ ಸಿದ್ದಿ ಜನರ ಡಮಾಮಿ. ಗುಂಪಿನ ಒಬ್ಬ ಹುಡುಗ ಸಿದ್ದಾಪುರದ ಅಜ್ಜಿಮನೆಗೆ ಹೋಗಿ ಹನ್ನೊಂದು ಹಾಡು ಬರೆದು ತಂದ. ನಾನು ಅಡುಗೆಮನೆಯಲ್ಲಿ ಆಯಿ ಹೇಳುತ್ತಿದ್ದ ಹಾಡನ್ನು ಬರೆಯತೊಡಗಿದರೆ ಅವಳಿಗೆ ನಾಚಿಕೆ. “ಇದ್ನೆಲ್ಲ ಎಂತಕ್ಕೆ ಬರ್ಕತ್ತೆ ಕೂಸೇ? ಇದೂ ಒಂದು ಸಂಗೀತವಾ?” ಎಂದಳು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಆಯಿಗೆ ಹಾಗೆ ಅನ್ನಿಸಲು ಕಾರಣವೇನು? ಅವಳ ಹಾಡು ಯಾವ ಪತ್ರಿಕೆಯಲ್ಲೂ ಬಂದದ್ದನ್ನು ಅವಳು ನೋಡಿಲ್ಲ. ದೊಡ್ಡ ಅಕ್ಷರದಲ್ಲಿ ಬರುವುದು ಮಾತ್ರ ದೊಡ್ಡದು ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ.

3. ಪುಟದ ಲೆಕ್ಕ

ಡ್ರಾಯಿಂಗ್ ಶೀಟಿನ ಅಳತೆ 22 ಇಂಚು ಅಗಲ, 30 ಇಂಚು ಎತ್ತರ. ಸುತ್ತಲೂ ಒಂದು ಇಂಚು ಅಂಚು ಬಿಟ್ಟರೆ ಉಳಿಯುವುದು 20 ಮತ್ತು 28. ಮೇಲೆ ಶೀರ್ಷಿಕೆಗೆ 4 ಇಂಚು ಹೋದರೆ ಬರಹಕ್ಕೆ 24 ಇಂಚು ಎತ್ತರ. ನಡುವೆ ಒಂದು ಇಂಚು ಖಾಲಿ ಬಿಟ್ಟು ಎರಡು ಅಂಕಣ ಮಾಡಿದೆವು. ಇಪ್ಪತ್ತು ಇಂಚಿನ ಸಾಲನ್ನು ನಿಂತು ಓದುವಾಗ ಕಣ್ಣು ಮುಂದಿನ ಸಾಲಿನ ಬದಲು ಅದರಾಚೆಯ ಸಾಲಿಗೆ ಜಾರುತ್ತದೆ, ಅದಕ್ಕೇ ಅಂಕಣ.

ಕನ್ನಡಕ್ಕೆ ಇನ್ನೊಂದು ಲೆಕ್ಕವಿದೆ. ನಮ್ಮ ಅಕ್ಷರಕ್ಕೆ ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. ‘ರಾಷ್ಟ್ರ’, ‘ಲಕ್ಷ್ಮಿ’ ಎಂದು ಬರೆದು ನೋಡಿ, ಒತ್ತಕ್ಷರ ಎಷ್ಟು ಕೆಳಗೆ ಇಳಿಯುತ್ತದೆ! ಸಾಲುಗಳು ಹತ್ತಿರವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕಾಲು ಇಂಚಿನ ಅಕ್ಷರಕ್ಕೆ ಮುಕ್ಕಾಲು ಇಂಚಿಗೊಂದು ಸಾಲು ಎಳೆದರೆ ಸರಿಹೋಗುತ್ತದೆ. ಹೀಗೆ ಒಂದು ಅಂಕಣಕ್ಕೆ 32 ಸಾಲು, ಸಾಲಿಗೆ ಐದು ಪದ, ಎರಡು ಅಂಕಣಕ್ಕೆ ಸುಮಾರು 320 ಪದ. ಚಿತ್ರವಿದ್ದರೆ ಇನ್ನೂ ಕಡಿಮೆ. ಯಕ್ಷಗಾನದ ಲೇಖನ 700 ಪದ ಬರೆದಿದ್ದ ಗೆಳೆಯನಿಗೆ ಅರ್ಧಕ್ಕಿಂತ ಹೆಚ್ಚು ಹೊಡೆದುಹಾಕಬೇಕಾಯಿತು. ಪಾಪ, ಎರಡು ದಿನ ನಮ್ಮ ಜೊತೆ ಮಾತೇ ಆಡಲಿಲ್ಲ. (ಇದು ಪಾಠವಾದ್ದರಿಂದ ಅಕ್ಕೋರು ನನಗೆ ಬೇರೆ ಹಾಳೆಗಳನ್ನು ಕೊಟ್ಟಿದ್ದಾರೆ. ಅವನು ಈಗಲೂ ಕೇಳುತ್ತಾನೆ, “ನಿಂಗೊಂದು ನ್ಯಾಯ, ನಂಗೊಂದು ನ್ಯಾಯವೇನೆ?” ಎಂದು.)

ನೇರವಾಗಿ ದೊಡ್ಡ ಹಾಳೆಗೆ ಕೈ ಹಾಕಬೇಡಿ. ನೋಟುಪುಸ್ತಕದ ಹಾಳೆಯಲ್ಲಿ ಚಿಕ್ಕ ನಕಾಶೆ ಹಾಕಿ, ಯಾವುದು ಎಲ್ಲಿ ಎಂದು ಗೆರೆ ಎಳೆದುಕೊಳ್ಳಿ. ಒಂದು ಹಾಳೆಗೆ ಒಂದೇ ದೊಡ್ಡ ಚಿತ್ರ ಸಾಕು. ಸ್ಕೆಚ್ ಪೆನ್ನಿನ ಶಾಯಿ ಆಷಾಢದ ತೇವಕ್ಕೆ ಹಬ್ಬುತ್ತದೆ. ಶೀರ್ಷಿಕೆಗೆ ಇಂಡಿಯನ್ ಇಂಕು, ಬರಹಕ್ಕೆ ಬಾಲ್ ಪೆನ್ನು ಒಳ್ಳೆಯದು.

ಕೈಬರಹದ ಪತ್ರಿಕೆ ಎಂದು ಕೀಳಾಗಿ ಕಾಣಬೇಡಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಹೊರತಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚು ಎಂದರೆ ಮೊಳೆ ಜೋಡಿಸುವುದಲ್ಲ, ಕೈಯಿಂದ ಬರೆದ ಬರಹವನ್ನೇ ಕಲ್ಲಿನ ಮೇಲೆ ಮೂಡಿಸಿ ಒತ್ತುವುದು.

4. ನಾದವನ್ನು ಬರೆಯುವುದು

ಸಂಗೀತ ಪತ್ರಿಕೆಯಲ್ಲಿ ಬರೀ ಹೊಗಳಿಕೆ ತುಂಬಿದರೆ ಓದಿದವರಿಗೆ ಏನೂ ಕೇಳಿಸುವುದಿಲ್ಲ. “ಅದ್ಭುತವಾಗಿ ಹಾಡಿದರು” ಎಂಬ ವಾಕ್ಯವನ್ನು ಅಕ್ಕೋರು ನಾಲ್ಕು ಕಡೆ ಹೊಡೆದುಹಾಕಿದರು. ಅದರ ಬದಲು ಏನು ನಡೆಯುತ್ತದೆ ಎಂದು ಬರೆಯಿರಿ. ಮದ್ದಳೆಯನ್ನು ಕೈಯಿಂದ ನುಡಿಸುತ್ತಾರೆ, ಚಂಡೆಯನ್ನು ಕೋಲಿನಿಂದ. ಹಸೆ ಹಾಡನ್ನು ಒಬ್ಬರು ಎತ್ತಿಕೊಟ್ಟರೆ ಉಳಿದವರು ದನಿಗೂಡಿಸುತ್ತಾರೆ. ಇಷ್ಟು ಹೇಳಿದರೆ ಸಾಕು, ಓದುಗರ ಕಿವಿ ತೆರೆಯುತ್ತದೆ.

ಸ್ವರವನ್ನು ಬರೆಯುವ ಕ್ರಮವೂ ಇದೆ. ಹಿಂದುಸ್ತಾನಿ ಸಂಗೀತಕ್ಕೆ ವಿಷ್ಣು ನಾರಾಯಣ ಭಾತಖಂಡೆ (1860–1936) ಅವರು ರೂಪಿಸಿದ ಸ್ವರಲಿಪಿ ಬಹಳ ಸರಳ. ಸ್ವರದ ಕೆಳಗೆ ಚುಕ್ಕೆ ಇಟ್ಟರೆ ಮಂದ್ರ, ಮೇಲೆ ಇಟ್ಟರೆ ತಾರ; ಕೆಳಗೆ ಅಡ್ಡಗೆರೆ ಎಳೆದರೆ ಕೋಮಲ. ತಾಳವನ್ನೂ ಹೀಗೆ ಮನೆ ಮಾಡಿ ಬರೆಯಬಹುದು. ಹದಿನಾರು ಮಾತ್ರೆಯ ತೀನತಾಲ ನೋಡಿ:

ಧಾ ಧಿಂ ಧಿಂ ಧಾ | ಧಾ ಧಿಂ ಧಿಂ ಧಾ | ಧಾ ತಿಂ ತಿಂ ತಾ | ತಾ ಧಿಂ ಧಿಂ ಧಾ

ಮೂರನೇ ಮನೆಯಲ್ಲಿ ‘ಧಿಂ’ ಹೋಗಿ ‘ತಿಂ’ ಬಂದದ್ದು ಗಮನಿಸಿ. ಅದು ಖಾಲಿ. ಬೆಂಚಿನ ಮೇಲೆ ಬೆರಳಿನಿಂದ ಬಡಿಯುತ್ತಾ ಓದಿ, ಗೋಡೆ ಪತ್ರಿಕೆಗೂ ದನಿ ಬರುತ್ತದೆ!

5. ನಮ್ಮ ತಪ್ಪು

ಈಗ ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಮೂರನೇ ಹಾಳೆಯ ಚಿತ್ರ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ನಮ್ಮ ತರಗತಿಯ ಸಿದ್ದಿ ಗೆಳತಿಯ ಅಜ್ಜ ಡಮಾಮಿ ಬಾರಿಸುತ್ತಿರುವ ಪೆನ್ಸಿಲ್ ಚಿತ್ರ. ಅವರ ಅಂಗಳದಲ್ಲಿ ಕೂತು, ಅವರು ಕೊಟ್ಟ ಚಾ ಕುಡಿದು, ಬಿಡಿಸಿಕೊಂಡು ಬಂದದ್ದು. ಅಡಿಬರಹ ಬರೆದವಳು ನಾನೇ: “ಡಮಾಮಿ ಬಾರಿಸುತ್ತಿರುವ ಸಿದ್ದಿ ಅಜ್ಜ.”

ಸೋಮವಾರ ಬೆಳಿಗ್ಗೆ ಹಾಳೆ ಹಚ್ಚಿದೆವು. ಎಲ್ಲರೂ ಸುತ್ತ ನಿಂತು ಹೊಗಳಿದರು. ಆ ಗೆಳತಿ ಮಾತ್ರ ನಾಲ್ಕೂ ಹಾಳೆಗಳನ್ನು ಒಂದು ಕಡೆಯಿಂದ ಓದಿ, ನನ್ನ ಹತ್ತಿರ ಬಂದು ಮೆಲ್ಲಗೆ, “ಎಲ್ಲರ ಹೆಸರೂ ಹಾಕಿದ್ರಿ. ನಮ್ಮ ಅಜ್ಜಂಗೆ ಹೆಸರಿಲ್ವೇನೆ?” ಎಂದಳು.

ನಾನು ತಿರುಗಿ ನೋಡಿದೆ. ಭಾಗವತರಿಗೆ ‘ಶ್ರೀ’ ಇತ್ತು, ಊರಿನ ಹೆಸರೂ ಇತ್ತು. ಸಂಗೀತ ಕಲಿಸುವವರಿಗೆ ‘ಶ್ರೀಮತಿ’ ಇತ್ತು. ಹಾಡು ಕೊಟ್ಟ ನನ್ನ ಆಯಿಯ ಹೆಸರೂ ಇತ್ತು. ಅವಳ ಅಜ್ಜನಿಗೆ ಮಾತ್ರ ಜಾತಿಯೇ ಹೆಸರಾಗಿತ್ತು. ಅಂಗಳದಲ್ಲಿ ಕೂತ ಒಂದು ತಾಸಿನಲ್ಲಿ ನಾವ್ಯಾರೂ ಅವರ ಹೆಸರು ಕೇಳಿರಲಿಲ್ಲ. ಜಾಗ ಕಮ್ಮಿ ಇತ್ತು ಎಂದು ನಾನು ಹೇಳಹೊರಟೆ. ಆದರೆ ಅಡಿಬರಹದ ಪಕ್ಕದಲ್ಲೇ ನಾನೊಂದು ಹೂಬಳ್ಳಿ ಬಿಡಿಸಿದ್ದೆ. ಹೂಬಳ್ಳಿಗೆ ಜಾಗವಿತ್ತು!

ಸಮಾಜ ವಿಜ್ಞಾನದ ಮಾಸ್ತರು ಅಂದು ತರಗತಿಯಲ್ಲಿ ಈ ಬಗ್ಗೆ ಮಾತಾಡಿದರು. ಸಿದ್ದಿಗಳ ಪೂರ್ವಜರು ಆಫ್ರಿಕದವರು. ಅನೇಕರನ್ನು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಹಡಗಿನಲ್ಲಿ ಗೋವೆಗೆ ತಂದಿದ್ದರು. ಅಲ್ಲಿಂದ ಬಂದವರು ನಮ್ಮ ಕಾಡಿನಲ್ಲಿ ನೆಲೆಸಿದರು. ನಮ್ಮ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. “ಹಡಗಿನಲ್ಲಿ ಬಂದವರಲ್ಲಿ ಎಷ್ಟು ಜನರ ಹೆಸರು ನಿಮಗೆ ಗೊತ್ತು?” ಎಂದು ಮಾಸ್ತರು ಕೇಳಿದರು. ಯಾರೂ ಕೈ ಎತ್ತಲಿಲ್ಲ.

6. ಹೆಸರಿನ ಬೆಲೆ

ಸಂಗೀತಗಾರರಿಗೆ ಹೆಸರು ಎಷ್ಟು ಮುಖ್ಯ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಹಾಡನ್ನು ಗ್ರಾಮಫೋನಿಗೆ ಮುದ್ರಿಸಿದರು. ಹಾಡು ಮುಗಿಸಿದ ಕೂಡಲೇ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಜೋರಾಗಿ ಹೇಳುತ್ತಿದ್ದರು. ತಟ್ಟೆ ತಯಾರಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನವರಿಗೆ ಹಾಡಿದ್ದು ಯಾರೆಂದು ತಿಳಿಯಬೇಕಲ್ಲ! ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಎರಡನೆಯದು ನಮ್ಮ ಪಕ್ಕದ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ (1913–2009) ಅವರದು. 1930ರ ದಶಕದಲ್ಲಿ ಬಂದ ಅವರ ಮೊದಮೊದಲ ತಟ್ಟೆಗಳ ಮೇಲೆ ಇದ್ದ ಹೆಸರು ‘ಗಾಂಧಾರಿ’.  ಮುಂದೆ ಅವರು ಗಂಗೂಬಾಯಿ ಎಂಬ ಹೆಸರಿನಲ್ಲಿ ಹಾಡಿ, 2002ರಲ್ಲಿ ಪದ್ಮವಿಭೂಷಣ ಪಡೆದರು.

ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಅವರ ಹೆಸರು ಹಿಡಿದು ಬರೆದವು. ಬರೀ ‘ಹಾಲಕ್ಕಿ ಅಜ್ಜಿ’ ಎಂದಿದ್ದರೆ ನಾವು ಯಾರನ್ನು ನೆನೆಯಬೇಕಿತ್ತು?

7. ತಿದ್ದಿದ್ದು

ಆ ದಿನ ಸಂಜೆಯೇ ಮೂರನೇ ಹಾಳೆ ಇಳಿಸಿದೆವು. ಹೂಬಳ್ಳಿಯ ಮೇಲೆ ಬಿಳಿ ಕಾಗದ ಅಂಟಿಸಿ ಹೊಸ ಅಡಿಬರಹ ಹಾಕಿದೆವು. ಈ ಸಲ ಬರೆದವಳು ಗೆಳತಿಯೇ. ಅಜ್ಜನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅಲ್ಲಿ, ಚಿತ್ರದ ಕೆಳಗೆ, ಅರ್ಧ ಇಂಚಿನ ಅಕ್ಷರದಲ್ಲಿದೆ. ಮೂರು ಹೆಜ್ಜೆ ದೂರ ನಿಂತು ಓದಿ. ಅಂಟಿಸಿದ ಕಾಗದದ ಗುರುತು ಕಾಣುತ್ತದೆ, ಕಾಣಲಿ.

ಅಜ್ಜನಿಗೆ ಓದಲು ಬರುವುದಿಲ್ಲ. ಗೆಳತಿ ಅಕ್ಕೋರ ಮೊಬೈಲಿನಲ್ಲಿ ಫೋಟೋ ತೆಗೆಸಿ, ಮನೆಗೆ ಕಳಿಸಿ ತೋರಿಸಿದಳು. ಅವರು ಚಿತ್ರವನ್ನು ಹೆಚ್ಚು ಹೊತ್ತು ನೋಡಲಿಲ್ಲವಂತೆ. “ಇದ್ರಲ್ಲಿ ನನ್ನ ಹೆಸರು ಯಾವುದು?” ಎಂದು ಕೇಳಿ, ಅದರ ಮೇಲೆ ಬೆರಳಿಟ್ಟರಂತೆ.

ನೆನಪಿಡಿ:
• ಓದುಗರನ್ನು ನಿಲ್ಲಿಸಿ ಅಕ್ಷರದ ಅಳತೆ ನಿರ್ಧರಿಸಿ.
• ಮೊದಲು ಚಿಕ್ಕ ನಕಾಶೆ, ಆಮೇಲೆ ದೊಡ್ಡ ಹಾಳೆ.
• ಹೊಗಳಬೇಡಿ, ಕೇಳಿಸಿ.
• ಚಿತ್ರ ಬಿಡಿಸುವ ಮೊದಲು ಹೆಸರು ಕೇಳಿ. ಜಾಗ ಸಾಲದಿದ್ದರೆ ಹೂಬಳ್ಳಿ ತೆಗೆಯಿರಿ, ಹೆಸರು ತೆಗೆಯಬೇಡಿ.

ಮಾಡಿ ನೋಡಿ: ಇಂದು ಸಂಜೆ ನಿಮ್ಮ ಕೇರಿಯಲ್ಲಿ ಹಾಡುವ ಅಥವಾ ಬಾರಿಸುವ ಒಬ್ಬರನ್ನು ಮಾತಾಡಿಸಿ. ಅವರ ಪೂರ್ತಿ ಹೆಸರು, ಕಲಿಸಿದವರ ಹೆಸರು, ವಾದ್ಯದ ಹೆಸರು ಬರೆದು ತನ್ನಿ. ಕೆಳಗಿನ ಖಾಲಿ ಹಾಳೆ ಅದಕ್ಕಾಗಿಯೇ ಇದೆ.

— ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ