ಬಿಟ್ಟುಹೋದ ಕೋಟು

ಮನೆಯಿಂದ ಹೊರಟವನು ಮರಳಿ ಬಾರದಿದ್ದಾಗ ಮೊದಲು ಮಾತನಾಡುವುವು ಅವನು ಬಿಟ್ಟುಹೋದ ವಸ್ತುಗಳು. ಬೇಲೂರು ಸೀಮೆಯ ಗೆಂಡೆಹಳ್ಳಿಯಂತಹ ಊರಿನಲ್ಲಿ, ಮಳೆಗಾಲದ ದಿನ ಒಬ್ಬನ ಕಂಬಳಿ ಮನೆಯಲ್ಲಿಯೇ ಉಳಿದಿದ್ದರೆ, ಅವನು ದೂರ ಹೋಗಲು ಹೊರಟವನಲ್ಲವೆಂದು ಮನೆಯವರು ಊಹಿಸುತ್ತಾರೆ. ಚಪ್ಪಲಿ, ಒಲೆಯ ಬೂದಿ, ತೊಳೆದಿಟ್ಟ ತಟ್ಟೆ ಇವೆಲ್ಲವೂ ಸಾಕ್ಷಿಗಳೇ. ಆದರೆ ಸಾಕ್ಷಿಯು ತಾನಾಗಿ ಹೇಳುವುದೆಷ್ಟು, ನೋಡುವವರು ಅದರ ಬಾಯಿಂದ ಹೇಳಿಸುವುದೆಷ್ಟು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಈ ಕಷ್ಟವನ್ನು ಬಲ್ಲವರಿಗೆ ದೂರದ ಸ್ಕಾಟ್ಲೆಂಡಿನ ಒಂದು ಘಟನೆ ಇಂದಿಗೂ ಪರೀಕ್ಷೆಯಾಗಿಯೇ ಉಳಿದಿದೆ.

ಆ ನಾಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ, ಫ್ಲಾನನ್ ಎಂಬ ಕಿರುದ್ವೀಪಗಳ ಸಮೂಹವಿದೆ. ಅವುಗಳಲ್ಲಿ ದೊಡ್ಡದಾದ ಐಲಿಯನ್ ಮೋರ್ ದ್ವೀಪದಲ್ಲಿ 1899ರ ಡಿಸೆಂಬರ್ ತಿಂಗಳಲ್ಲಿ ದೀಪಸ್ತಂಭವೊಂದು ಬೆಳಗಿತು. ಮರುವರ್ಷ ಅದೇ ತಿಂಗಳಲ್ಲಿ ಜೇಮ್ಸ್ ಡುಕಾಟ್, ಥಾಮಸ್ ಮಾರ್ಷಲ್, ಡೊನಾಲ್ಡ್ ಮೆಕಾರ್ಥರ್ ಎಂಬ ಮೂವರು ಅಲ್ಲಿ ಕಾವಲಿದ್ದರು. 15ರ ರಾತ್ರಿ ಆ ದಾರಿಯಲ್ಲಿ ಸಾಗಿದ ಹಡಗೊಂದಕ್ಕೆ ದೀಪ ಕಾಣಿಸಲಿಲ್ಲ. ಪ್ರತಿಕೂಲ ಹವೆಯಿಂದ ತಡವಾಗಿ, 26ರಂದು ಹೆಸ್ಪರಸ್ ಎಂಬ ನೌಕೆ ದ್ವೀಪವನ್ನು ಮುಟ್ಟಿತು. ಮೂವರ ಸಹೋದ್ಯೋಗಿ ಜೋಸೆಫ್ ಮೂರ್ ದಡಕ್ಕಿಳಿದು ಮೇಲೇರಿದನು. ಅವನನ್ನು ಎದುರುಗೊಳ್ಳಲು ಯಾರೂ ಬರಲಿಲ್ಲ.

ಆವರಣದ ಬಾಗಿಲು ಮುಚ್ಚಿತ್ತು. ಮನೆಯ ಹೊರಬಾಗಿಲೂ ಮುಚ್ಚಿತ್ತು. ಒಲೆಯಲ್ಲಿ ಹಲವು ದಿನಗಳಿಂದ ಬೆಂಕಿ ಹೊತ್ತಿರಲಿಲ್ಲ. ಗಡಿಯಾರ ನಿಂತಿತ್ತು. ಕೀಲಿ ಕೊಡುವವರಿಲ್ಲದೆ ಗಡಿಯಾರ ನಿಲ್ಲುವುದು ಸಹಜವಾದುದರಿಂದ ಅದಕ್ಕೆ ಹೆಚ್ಚಿನ ಅರ್ಥವಿಲ್ಲ. ಅಡುಗೆಯ ಪಾತ್ರೆಗಳು ಮಾತ್ರ ಬೆಲೆಯುಳ್ಳ ಸಾಕ್ಷಿ ನುಡಿದವು. ಅವು ತೊಳೆದು ಶುಚಿಯಾಗಿದ್ದುವು. ಆದ್ದರಿಂದ ಮೂವರು ಹೊರಟದ್ದು ಮಧ್ಯಾಹ್ನದ ಊಟದ ಅನಂತರವೆಂದು ಜೋಸೆಫ್ ತರ್ಕಿಸಿದನು. ದೀಪವನ್ನು ಒರೆಸಿ, ಎಣ್ಣೆ ತುಂಬಿ ಸಂಜೆಗೆ ಸಿದ್ಧಗೊಳಿಸಲಾಗಿತ್ತು. ಕಲ್ಲುಹಲಗೆಯ ಮೇಲಿನ ಕಡೆಯ ಬರಹ 15ರ ಬೆಳಗಿನ 9 ಗಂಟೆಯದು. ಈ ಮೂರೂ ಒಂದನ್ನೊಂದು ಬೆಂಬಲಿಸುವುದರಿಂದ ಕಾಲನಿರ್ಣಯವು ಬಹುಮಟ್ಟಿಗೆ ಭದ್ರವಾಗಿದೆ.

ಕಠಿಣವಾದುದು ಉಡುಪಿನ ಪ್ರಶ್ನೆ. ಡುಕಾಟ್ ಮತ್ತು ಮಾರ್ಷಲ್ ಇವರ ಬೂಟುಗಳೂ ಮಳೆಯಂಗಿಗಳೂ ಅಲ್ಲಿರಲಿಲ್ಲ. ಮೆಕಾರ್ಥರನ ಕೋಟು ಮನೆಯಲ್ಲಿಯೇ ಇತ್ತು. ಅವನು ಬೇರೆ ಕೋಟನ್ನು ತೊಡುತ್ತಿರಲಿಲ್ಲವೆಂದು, ಜೊತೆಯಲ್ಲಿ ದುಡಿದ ಜೋಸೆಫ್ ಬಲ್ಲನು. ದೀಪವನ್ನು ಕಾಯಲು ಒಬ್ಬನಾದರೂ ಉಳಿಯಬೇಕೆಂಬುದು ಕಟ್ಟುನಿಟ್ಟಾದ ನಿಯಮ. ಚಳಿಗಾಲದಲ್ಲಿ ಬರಿಯ ಅಂಗಿಯಲ್ಲಿ, ನಿಯಮವನ್ನು ಮೀರಿ ಹೊರಗೆ ಹೋಗಬೇಕಾದರೆ ಗೆಳೆಯರ ಪ್ರಾಣಕ್ಕೆ ಅಪಾಯ ಬಂದಿರಬೇಕಲ್ಲವೆ? ಹೀಗೆ ಕೋಟು ಅವಸರವನ್ನು ಸೂಚಿಸುತ್ತದೆ. ಆದರೆ ಮುಚ್ಚಿದ ಬಾಗಿಲುಗಳು ಇದನ್ನು ಒಪ್ಪುವುದಿಲ್ಲ. ಓಡಿಹೋಗುವವನು ಎರಡು ಬಾಗಿಲುಗಳನ್ನು ಎಳೆದು ಮುಚ್ಚುವನೆ? ಗಾಳಿಯೇ ಮುಚ್ಚಿರಬಹುದೆಂದರೆ ಅದೂ ಊಹೆಯೇ ಆಗುವುದು.

ತನಿಖೆಗೆ ಬಂದ ಮೇಲ್ವಿಚಾರಕ ರಾಬರ್ಟ್ ಮ್ಯೂರ್‌ಹೆಡ್ ಪಶ್ಚಿಮದ ಇಳಿದಾಣವನ್ನು ಪರಿಶೀಲಿಸಿದನು. ಸಮುದ್ರದಿಂದ ಸುಮಾರು 110 ಅಡಿ ಎತ್ತರದ ಬಂಡೆಯ ಸಂದಿನಲ್ಲಿ ಇರಿಸಿದ್ದ ಹಗ್ಗದ ಪೆಟ್ಟಿಗೆ ಕೊಚ್ಚಿಹೋಗಿತ್ತು. ಕಬ್ಬಿಣದ ಕಟಕಟೆ ಕಿತ್ತುಹೋಗಿತ್ತು. ಪೆಟ್ಟಿಗೆಯನ್ನು ಭದ್ರಪಡಿಸಲು ಇಳಿದವರನ್ನು ಹೆದ್ದೆರೆಯೊಂದು ಸೆಳೆದೊಯ್ದಿರಬೇಕೆಂದು 1901ರ ಜನವರಿಯಲ್ಲಿ ಅವನು ವರದಿ ಮಾಡಿದನು. ಇದುವರೆಗಿನ ವಿವರಣೆಗಳಲ್ಲಿ ಇದೇ ಹೆಚ್ಚು ನಂಬಲರ್ಹವಾದುದು. ಆದರೂ 15ಕ್ಕೂ 26ಕ್ಕೂ ನಡುವೆ ಹನ್ನೊಂದು ದಿನಗಳು ಕಳೆದಿದ್ದವು; ಆ ಹಾನಿ ಯಾವ ದಿನದ್ದೆಂಬುದನ್ನು ಬಂಡೆ ಹೇಳಲಾರದು.

1912ರಲ್ಲಿ ವಿಲ್‌ಫ್ರಿಡ್ ಗಿಬ್ಸನ್ ಎಂಬ ಕವಿ ಈ ಘಟನೆಯನ್ನು ಕುರಿತು ಕವನವೊಂದನ್ನು ಪ್ರಕಟಿಸಿದನು. ಅದರಲ್ಲಿ ಮೇಜಿನ ಮೇಲೆ ಮುಟ್ಟದ ಊಟವೂ ನೆಲಕ್ಕುರುಳಿದ ಕುರ್ಚಿಯೂ ಬರುತ್ತವೆ. ಕವಿಗೆ ಅಂತಹ ಸ್ವಾತಂತ್ರ್ಯ ಸಲ್ಲುವುದೇ ಸರಿ. ಆದರೆ ಕಾಲಕ್ರಮದಲ್ಲಿ ಜನರು ಆ ಕುರ್ಚಿಯನ್ನೂ ಊಟವನ್ನೂ ನಿಜವೆಂದೇ ಎಣಿಸಿ, ಅವುಗಳ ಮೇಲೆ ಜಗಳ, ಕೊಲೆ, ಹುಚ್ಚು ಮುಂತಾದ ಕಥೆಗಳನ್ನು ಕಟ್ಟಿದರು. ಪ್ರಾಣವನ್ನೇ ಕಳೆದುಕೊಂಡವರ ಮೇಲೆ ಕೊಲೆಯ ಕಳಂಕವೂ ಬಂದಿತು! ಮನೆಯೊಳಕ್ಕೆ ಮೊದಲು ಕಾಲಿಟ್ಟ ಜೋಸೆಫನ ಹೇಳಿಕೆಯಲ್ಲಿ ಇರುವುದು ತೊಳೆದ ಪಾತ್ರೆಗಳು ಮಾತ್ರ.

1971ರಲ್ಲಿ ಆ ದೀಪಸ್ತಂಭವು ಸ್ವಯಂಚಾಲಿತವಾಯಿತು; ಅಂದಿನಿಂದ ಅಲ್ಲಿ ಕಾವಲುಗಾರರು ವಾಸಿಸುವುದಿಲ್ಲ. ಮೂವರ ದೇಹಗಳು ದೊರೆಯಲೇ ಇಲ್ಲ.