ಮಳೆಗಾಲದಲ್ಲಿ ಸಾಮಾನು ಕೊಟ್ಟಿಗೆಯ ಸೋರಿಕೆಯೂ ತೇವವೂ

ಮಲೆನಾಡಿನ ಅಡಕೆ ತೋಟಗಾರನಿಗೆ ಮನೆಯ ಹಿಂದಿನ ಸಾಮಾನು ಕೊಟ್ಟಿಗೆಯು ಬಹು ಮುಖ್ಯವಾದುದು. ಗುದ್ದಲಿ, ಹಾರೆ, ಕತ್ತಿ, ಗರಗಸ, ಉಳಿ ಮೊದಲಾದ ಆಯುಧಗಳೂ, ಔಷಧಿ ಸಿಂಪಡಿಸುವ ಪಂಪೂ, ಮೋಟಾರೂ, ಮೈಲುತುತ್ತವೂ, ಸುಣ್ಣವೂ ಅಲ್ಲಿಯೇ ಇರುವುವು. ಸಣ್ಣ ಪುಟ್ಟ ಬಡಗಿಯ ಕೆಲಸವೂ ಅಲ್ಲಿಯೇ ನಡೆಯುವುದು. ಹೀಗಿದ್ದರೂ ವಾಸದ ಮನೆಯ ಮಾಡಿನ ಹೆಂಚನ್ನು ವರ್ಷಕ್ಕೊಮ್ಮೆ ತಪ್ಪದೆ ಕೈಯಾಡಿಸುವವರು ಈ ಕೊಟ್ಟಿಗೆಯನ್ನು ಅಲಕ್ಷ್ಯಮಾಡುವುದುಂಟು.

ಈ ಅಲಕ್ಷ್ಯದಿಂದ ಒದಗುವ ನಷ್ಟವು ಆಯುಧಗಳ ತುಕ್ಕಿನಲ್ಲಿಯೇ ಮುಗಿಯುವುದಿಲ್ಲ. ಲೆಸ್ಲಿ ಕೋಲ್ಮನ್ನರು ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯ ಪರವಾಗಿ ಅಡಕೆಯ ಕೊಳೆರೋಗವನ್ನು ಪರಿಶೀಲಿಸಿದ ಕಾಲದಿಂದಲೂ ಆ ರೋಗಕ್ಕೆ ಬೋರ್ಡೋ ಮಿಶ್ರಣವೇ ಮುಖ್ಯವಾದ ಔಷಧಿಯಾಗಿದೆ. ಇದಕ್ಕೆ 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತವೂ ಒಂದು ಕಿಲೋ ಒಳ್ಳೆಯ ಸುಣ್ಣವೂ ಬೇಕು. ಸುಟ್ಟ ಸುಣ್ಣವು ತೇವವಾದ ಗಾಳಿಯಲ್ಲಿ ಬಿದ್ದಿದ್ದರೆ ತಾನಾಗಿಯೇ ಅರಳಿ ಪುಡಿಯಾಗುವುದು. ಬಳಿಕ ಗಾಳಿಯಲ್ಲಿರುವ ಅಂಗಾರಾಮ್ಲವನ್ನು ಹೀರಿ ಸೀಮೆಸುಣ್ಣದಂತೆ ನಿಸ್ಸತ್ವವಾಗುವುದು. ಅಂಥ ಸುಣ್ಣವು ಮೈಲುತುತ್ತದ ಹುಳಿಯನ್ನು ಮುರಿಯಲಾರದು. ಅದರಿಂದ ಮಾಡಿದ ಮಿಶ್ರಣವು ಎಳೆಯ ಕಾಯಿಯನ್ನೂ ಸೋಗೆಯನ್ನೂ ಸುಡುವುದು. ಮಳೆಗೆ ಬೇಗನೆ ತೊಳೆದೂ ಹೋಗುವುದು. ಕೊಟ್ಟಿಗೆಯ ತೇವವು ಹೀಗೆ ತೋಟದ ಫಸಲಿಗೇ ಕೈಯಿಡುವುದು.

ಮೂರು ಬಗೆಯ ನೀರು

ಕೊಟ್ಟಿಗೆಯೊಳಗೆ ನೀರು ಕಂಡೊಡನೆ ಮಾಡು ಸೋರುತ್ತಿದೆಯೆಂದು ತಿಳಿದು ಡಾಂಬರನ್ನು ತಂದು ಬಳಿಯುವುದು ವಾಡಿಕೆ. ಇದು ಅನೇಕ ವೇಳೆ ವ್ಯರ್ಥವಾದ ಖರ್ಚು. ನೀರು ಒಳಗೆ ಬರುವುದಕ್ಕೆ ಮೂರು ದಾರಿಗಳುಂಟು: ಮೇಲಿನಿಂದ ಮಳೆಯಾಗಿ ಸೋರುವುದು ಒಂದು; ನೆಲದಿಂದ ತಳಪಾಯದ ಮೂಲಕ ಏರುವುದು ಎರಡನೆಯದು; ಗಾಳಿಯಲ್ಲಿ ಆವಿಯಾಗಿದ್ದು ತಣ್ಣನೆಯ ಪದಾರ್ಥದ ಮೇಲೆ ಹನಿಗಟ್ಟುವುದು ಮೂರನೆಯದು. ಒಂದಕ್ಕೆ ಮಾಡತಕ್ಕ ಉಪಾಯವು ಇನ್ನೊಂದಕ್ಕೆ ಸಲ್ಲುವುದಿಲ್ಲ. ಆದ್ದರಿಂದ ಹಣವನ್ನು ವೆಚ್ಚಮಾಡುವ ಮೊದಲು ನೀರಿನ ದಾರಿಯನ್ನು ಗೊತ್ತುಮಾಡಿಕೊಳ್ಳತಕ್ಕದ್ದು.

ಮಳೆ ಬರುವಾಗ ಮಾತ್ರ, ಒಂದೇ ಜಾಗದಲ್ಲಿ ಹನಿಯು ಬಿದ್ದರೆ ಅದು ಸೋರಿಕೆ. ಗೋಡೆಯ ಬುಡದಿಂದ ಮೇಲಕ್ಕೆ ಕಪ್ಪಾಗಿ ಒದ್ದೆಯೇರಿ, ಅದರ ಅಂಚಿನಲ್ಲಿ ಬಿಳಿಯ ಉಪ್ಪು ಕಂಡುಬಂದರೆ ಅದು ಸಾಮಾನ್ಯವಾಗಿ ನೆಲದ ತೇವ. ಮಳೆಯಿಲ್ಲದ ಬೆಳಗಿನಲ್ಲಿಯೂ ತಗಡಿನ ಒಳಮೈಯೆಲ್ಲ ಬೆವರಿದಂತಿದ್ದರೆ ಅದು ಗಾಳಿಯ ತೇವ.

ಒದ್ದೆಯಾಗುವ ನೆಲದ ವಿಷಯದಲ್ಲಿ ಸಂದೇಹವಿದ್ದರೆ ಒಂದು ಸುಲಭವಾದ ಪರೀಕ್ಷೆಯುಂಟು. ಸುಮಾರು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಅಂಚುಗಳಿಗೂ ಅಂಟುಪಟ್ಟಿಯನ್ನು ಹಚ್ಚಿ, ಒಂದು ದಿನ ಬಿಟ್ಟು ನೋಡಬೇಕು. ಹಾಳೆಯ ಕೆಳಗಡೆ ನೀರು ಕಟ್ಟಿದ್ದರೆ ಅದು ನೆಲದಿಂದ ಬಂದುದು. ಮೇಲುಗಡೆ ಕಟ್ಟಿದ್ದರೆ ಗಾಳಿಯಿಂದ ಬಂದುದು.

ಮಾಡಿನ ಸೋರಿಕೆ

ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ದಿನಕ್ಕೆ 100 ಮಿಲಿಮೀಟರು ಮಳೆ ಬಿದ್ದರೆ, 6 ಮೀಟರು ಉದ್ದ 4 ಮೀಟರು ಅಗಲದ ಸಣ್ಣ ಕೊಟ್ಟಿಗೆಯ ಮೇಲೆಯೇ 2400 ಲೀಟರು ನೀರು ಸುರಿಯುವುದು. ಇದರಲ್ಲಿ ನೂರಕ್ಕೆ ಒಂದು ಪಾಲು ಒಳಗೆ ಬಂದರೂ 24 ಲೀಟರಾಗುವುದು.

ಹನಿಯು ಬೀಳುವ ಸ್ಥಳಕ್ಕೆ ನೇರವಾಗಿ ಮೇಲೆಯೇ ತೂತಿರುವುದೆಂದು ಎಣಿಸಲಾಗದು. ನೀರು ಪಕ್ಕಾಸಿನ ಗುಂಟ ಇಳಿದುಬಂದು ಬಹು ದೂರದಲ್ಲಿ ತೊಟ್ಟಿಕ್ಕುವುದು. ಹಗಲಿನಲ್ಲಿ ಬಾಗಿಲು ಮುಚ್ಚಿ ನೋಡಿದರೆ ಒಡೆದ ಅಥವಾ ಸರಿದ ಹೆಂಚಿನ ಸಂದಿಯಲ್ಲಿ ಬೆಳಕು ತೋರುವುದು. ಅದರಿಂದ ತಿಳಿಯದಿದ್ದರೆ ಒಬ್ಬನು ಒಳಗೆ ನಿಂತು, ಇನ್ನೊಬ್ಬನು ಹೊರಗಿನಿಂದ ಸೂರಿನಿಂದ ಮೊದಲುಮಾಡಿ ಸ್ವಲ್ಪಸ್ವಲ್ಪವೇ ಮೇಲಕ್ಕೆ ನೀರನ್ನು ಹೊಯ್ಯುತ್ತ ಹೋಗಬೇಕು. ಮೇಲಿನಿಂದ ಪ್ರಾರಂಭಿಸಿದರೆ ನೀರೆಲ್ಲ ಕೆಳಗಿಳಿದು ಯಾವ ಸಂದಿಯ ದೋಷವೆಂಬುದು ತಿಳಿಯದು.

ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಪ್ರಸಿದ್ಧವಾದ ಮಂಗಳೂರು ಹೆಂಚು ಈಗಲೂ ಮಲೆನಾಡಿಗೆ ಒಪ್ಪತಕ್ಕುದಾಗಿದೆ. ಒಂದು ಹೆಂಚು ಇನ್ನೊಂದನ್ನು ಕಚ್ಚಿ ಕುಳಿತಿರುವ ಗಾಡಿಯಲ್ಲಿ ಪಾಚಿಯೂ ತರಗೆಲೆಯೂ ತುಂಬಿದರೆ ನೀರು ಹಿಂದಕ್ಕೆ ತಿರುಗಿ ಒಳಗಿಳಿಯುವುದು. ಆದಕಾರಣ ಬೇಸಗೆಯ ಕೊನೆಯಲ್ಲಿ ಗಾಡಿಗಳನ್ನು ಕೆರೆದು ಶುಚಿಮಾಡಬೇಕು. ಎರಡು ಅಡಿ ಅಗಲಕ್ಕೆ ಒಂದು ಅಡಿಯಾದರೂ ಏರಿಲ್ಲದ ಮಾಡಿಗೆ ಈ ಹೆಂಚನ್ನು ಹೊದಿಸಿದರೆ ಗಾಳಿಮಳೆಗೆ ಸೋರುವುದು ಸಹಜ.

ತಗಡಿನ ಮಾಡಿನಲ್ಲಿ ದೋಷವು ಹೆಚ್ಚಾಗಿ ಮೊಳೆಗಳಲ್ಲಿರುವುದು. ಮೊಳೆಯನ್ನು ತಗಡಿನ ಉಬ್ಬಿನ ಮೇಲೆ ಹೊಡೆಯತಕ್ಕದ್ದೇ ಹೊರತು ನೀರು ಹರಿಯುವ ತಗ್ಗಿನಲ್ಲಿ ಹೊಡೆಯಕೂಡದು. ಒಣಗಿ ಬಿರಿದ ರಬ್ಬರಿನ ವಾಷರುಗಳನ್ನು ಬದಲಾಯಿಸಿದರೆ ಅನೇಕ ಸೋರಿಕೆಗಳು ನಿಲ್ಲುವುವು. ಹಳೆಯ ಹೆಂಚಿನ ಅಥವಾ ಸಿಮೆಂಟು ತಗಡಿನ ಮೇಲೆ ನೇರವಾಗಿ ಕಾಲಿಡುವುದು ಪ್ರಾಣಾಪಾಯಕ್ಕೆ ಕಾರಣವಾದೀತು. ಹಲಗೆಯನ್ನು ಅಡ್ಡಲಾಗಿ ಹಾಸಿಕೊಂಡು, ಮಾಡು ಒಣಗಿರುವಾಗಲೇ ಹತ್ತಬೇಕು.

ನೆಲದ ಮತ್ತು ಗೋಡೆಯ ತೇವ

ಈ ತೇವಕ್ಕೆ ಮೊದಲನೆಯ ಚಿಕಿತ್ಸೆಯು ಹೊರಗಡೆಯೇ ನಡೆಯಬೇಕು. ಗೋಡೆಗೆ ಒತ್ತಿ ಮಣ್ಣನ್ನೋ ಗೊಬ್ಬರವನ್ನೋ ಸೌದೆಯನ್ನೋ ರಾಶಿಹಾಕಿದ್ದರೆ ತೆಗೆಯಿಸಬೇಕು. ಹೊರಗಿನ ನೆಲವು ಒಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗಾಗಿದ್ದು, ಗೋಡೆಯಿಂದ ಹೊರಕ್ಕೆ ಇಳಿಜಾರಾಗಿರತಕ್ಕದ್ದು. ಗುಡ್ಡದ ಪಕ್ಕದಲ್ಲಿ ಕಟ್ಟಿದ ಕೊಟ್ಟಿಗೆಗೆ ಮೇಲುಗಡೆಯಿಂದ ಬರುವ ನೀರನ್ನು ಸುತ್ತಿ ಸಾಗಿಸುವ ಚರಂಡಿಯು ಅವಶ್ಯಕವು. ಸೂರು ಗೋಡೆಯಿಂದ ಎರಡು ಅಡಿಯಾದರೂ ಮುಂದೆ ಚಾಚಿರಬೇಕು. ಇಲ್ಲದಿದ್ದರೆ ಇರಿಚಲು ಹೊಡೆಯುವ ಪಡುವಣ ಗೋಡೆಗೆ ಸೋಗೆಯ ತಡಿಕೆಯನ್ನು ಕಟ್ಟುವ ಹಿರಿಯರ ಪದ್ಧತಿಯನ್ನು ಅನುಸರಿಸಬಹುದು.

ಮಣ್ಣಿನ ಗೋಡೆಗೆ ತೇವವನ್ನು ತಡೆಯಲೆಂದು ಸಿಮೆಂಟಿನ ಗಿಲಾವು ಮಾಡಿಸುವುದು ಸಾಮಾನ್ಯವಾದ ತಪ್ಪು. ಗೋಡೆಯೊಳಗಿನ ನೀರು ಹೊರಬರಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಏರುವುದು; ಕೆಲವು ವರ್ಷಗಳಲ್ಲಿ ಗಿಲಾವು ಹಪ್ಪಳದಂತೆ ಕಳಚಿ ಬೀಳುವುದು. ಇಂಥ ಗೋಡೆಗೆ ಉಸಿರಾಡಲವಕಾಶಕೊಡುವ ಸುಣ್ಣದ ಗಾರೆಯೇ ಲೇಸು. ನೆಲವನ್ನು ಹೊಸದಾಗಿ ಹಾಕಿಸುವವರು ಮಣ್ಣನ್ನು ದಮ್ಮಸು ಮಾಡಿ, ನಾಲ್ಕು ಅಂಗುಲ ಜಲ್ಲಿಯನ್ನು ಹರಡಿ, ಅದರ ಮೇಲೆ ತೆಳುವಾಗಿ ಮರಳನ್ನೂ ದಪ್ಪನಾದ ಪ್ಲಾಸ್ಟಿಕ್ ಹಾಳೆಯನ್ನೂ ಹಾಸಿ, ಆಮೇಲೆ ಕಾಂಕ್ರೀಟು ಹಾಕಿಸತಕ್ಕದ್ದು.

ಗಾಳಿಯ ತೇವ

ಬೆಚ್ಚನೆಯ ಗಾಳಿಯು ಹೆಚ್ಚು ಆವಿಯನ್ನು ಹಿಡಿದುಕೊಳ್ಳುವುದು, ತಣ್ಣಗಾದೊಡನೆ ಬಿಟ್ಟುಕೊಡುವುದು. ಒಂದು ಘನ ಮೀಟರು ಗಾಳಿಯು 25 ಡಿಗ್ರಿಯಲ್ಲಿ ಸುಮಾರು 23 ಗ್ರಾಂ ಆವಿಯನ್ನೂ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಆವಿಯನ್ನೂ ಹಿಡಿಯಬಲ್ಲದು. ಉಳಿದ ಆರು ಗ್ರಾಂ ನೀರು ಕತ್ತಿಯ ಅಲಗಿನ ಮೇಲೆಯೂ ತಗಡಿನ ಮೇಲೆಯೂ ಕುಳಿತುಕೊಳ್ಳುವುದು.

ಇದಕ್ಕೆ ಗಾಳಿಯ ಸಂಚಾರವೇ ಉಪಾಯವಾದರೂ ಅದಕ್ಕೆ ಸಮಯವನ್ನು ನೋಡಬೇಕು. ಸೂರಿನ ಕೆಳಗೆ ಎದುರುಬದುರಾಗಿ ಜಾಲರಿಯ ಕಿಂಡಿಗಳಿರಲಿ. ಬಾಗಿಲು ಕಿಟಕಿಗಳನ್ನು ಮಾತ್ರ ಜಡಿಮಳೆಯಲ್ಲಿ ಮುಚ್ಚಿಟ್ಟು, ಮಳೆ ಹೊಳವಾಗಿ ಬಿಸಿಲು ಬಂದಾಗ ತೆರೆಯತಕ್ಕದ್ದು. ಮುಚ್ಚಿದ ಕೊಟ್ಟಿಗೆಯಲ್ಲಿ ಇದ್ದಲಿನ ಬೆಂಕಿಯನ್ನು ಇಟ್ಟು ಒಣಗಿಸಲು ಎಂದಿಗೂ ಪ್ರಯತ್ನಿಸಕೂಡದು. ಅದರ ವಿಷವಾಯುವಿಗೆ ವಾಸನೆಯಿಲ್ಲ, ಮನುಷ್ಯನು ತಿಳಿಯದೆಯೇ ಪ್ರಾಣಬಿಡುವನು.

ಸಾಮಾನುಗಳ ರಕ್ಷಣೆ

ಮೇಲೆ ಹೇಳಿದುದೆಲ್ಲವನ್ನೂ ಮಾಡಿದರೂ ಆರಿದ್ರಾ, ಪುನರ್ವಸು ಮಳೆಗಳಲ್ಲಿ ಸ್ವಲ್ಪ ತೇವವು ಇದ್ದೇ ಇರುವುದು. ಆಯುಧಗಳ ಮಣ್ಣನ್ನು ತೊಳೆದು, ಒರಸಿ, ತೆಳುವಾಗಿ ಎಣ್ಣೆಯನ್ನು ಸವರಿ, ಗೋಡೆಗೆ ತಗಲದಂತೆ ತೂಗುಹಾಕಬೇಕು. ಚೀಲಗಳನ್ನು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರದಲ್ಲಿ ಇಡಬೇಕು. ಸುಣ್ಣವನ್ನು ಗಾಳಿಯಾಡದಂತೆ ಮುಚ್ಚಳವಿರುವ, ಒಳಗೆ ನೀರಿನ ಪಸೆಯಿಲ್ಲದ ಡಬ್ಬಿಯಲ್ಲಿ ಇಡತಕ್ಕದ್ದು. ಸುಟ್ಟ ಸುಣ್ಣವು ನೀರು ತಗಲಿದರೆ ಕಾದು ಉಬ್ಬುವುದರಿಂದ ಡಬ್ಬಿಯನ್ನು ಕಂಠಮಟ್ಟ ತುಂಬಕೂಡದು. ಮೈಲುತುತ್ತವು ಕಬ್ಬಿಣವನ್ನು ತಿನ್ನುವುದರಿಂದ ಅದಕ್ಕೆ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ಎರಡನ್ನೂ ಮಕ್ಕಳ ಕೈಗೆ ಸಿಕ್ಕದಂತೆ ಇಡುವುದು ಅವಶ್ಯಕವು.

ಸುಣ್ಣದ ಸತ್ವದಲ್ಲಿ ಸಂದೇಹವುಂಟಾದರೆ, ಮಿಶ್ರಣವನ್ನು ತಯಾರಿಸಿದ ಮೇಲೆ ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣವು ಕಂಡರೆ ಇನ್ನಷ್ಟು ಒಳ್ಳೆಯ ಸುಣ್ಣದ ತಿಳಿಯನ್ನು ಸೇರಿಸಿ ಪುನಃ ಪರೀಕ್ಷಿಸಬೇಕು.

ವಿದ್ಯುತ್ತಿನ ವಿಷಯದಲ್ಲಿ ವಿಶೇಷವಾದ ಎಚ್ಚರಿಕೆಯು ಬೇಕು. ಸ್ವಿಚ್ಚಿನ ಹಲಗೆಯನ್ನು ಒದ್ದೆಯಾಗುವ ಗೋಡೆಯ ಮೇಲೆ ಇಡಿಸಕೂಡದು. ಭೂಮಿಗೆ ಸೋರುವ ವಿದ್ಯುತ್ತು 30 ಮಿಲಿಆಂಪಿಯರಿಗೆ ಬರುವಷ್ಟರಲ್ಲಿ ಪ್ರವಾಹವನ್ನು ಕಡಿಯುವ ಸಾಧನವನ್ನು ಬಲ್ಲವರಿಂದ ಹಾಕಿಸತಕ್ಕದ್ದು. ತಿಂಗಳುಗಟ್ಟಲೆ ತೇವದಲ್ಲಿದ್ದ ಮೋಟಾರನ್ನು ಪರೀಕ್ಷೆ ಮಾಡಿಸದೆ ನಡೆಯಿಸಬಾರದು.

ಕೆಲಸದ ಕಾಲ

ರೋಹಿಣಿ ಮಳೆಗೆ ಮುಂಚೆಯೇ ಮಾಡನ್ನೂ ಚರಂಡಿಯನ್ನೂ ಸರಿಪಡಿಸತಕ್ಕದ್ದು. ಮೃಗಶಿರೆಯ ಮೊದಲ ದೊಡ್ಡ ಮಳೆಯ ದಿನ ಕೊಟ್ಟಿಗೆಯೊಳಗೆ ಅರ್ಧ ಗಂಟೆ ನಿಂತು, ನೀರು ಕಂಡ ಸ್ಥಳಗಳಿಗೆಲ್ಲ ಸೀಮೆಸುಣ್ಣದಿಂದ ಗುರುತುಹಾಕಬೇಕು. ಮಳೆಗಾಲವು ಕಳೆದು ಗೋಡೆಗಳು ಒಣಗಿದ ಮೇಲೆ ಗಾರೆಯ ಕೆಲಸವನ್ನು ಮಾಡಿಸಬೇಕು. ಒದ್ದೆಯಾದ ಗೋಡೆಯ ಮೇಲೆ ಮಾಡಿದ ಕೆಲಸವು ನಿಲ್ಲದು. ನೀರು ಬಂದ ದಾರಿಯನ್ನು ಮೊದಲು ತಿಳಿದು, ಆ ದಾರಿಯನ್ನು ಹೊರಗಡೆಯೇ ತಪ್ಪಿಸುವ ರೈತನಿಗೆ ಖರ್ಚು ಕಡಮೆಯಾಗುವುದಲ್ಲದೆ, ಔಷಧಿ ಹೊಡೆಯುವ ದಿನ ಪಂಪೂ ಸುಣ್ಣವೂ ಕೈಕೊಡದೆ ಒದಗುವುವು.